ನಮ್ಮ ಹೆಬ್ಬೆಟ್ಟು ಯಾರ ಹತ್ತಿರ ಇದೆ?

ಬರಹ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಹೋದ ತಿಂಗಳು ಶಿಕಾರಿಪುರದಲ್ಲಿ ನಮ್ಮದೊಂದು ಸಣ್ಣ ಸಭೆ ಇತ್ತು. ಮೊಬೈಲ್ ವಂಚನೆ, ಆಧಾರ್, ಖಾಸಗಿತನ ಅಂತ ನಾನು ಮಾತು ಶುರು ಮಾಡಿದೆ. ಡಿಗ್ರಿ ಓದೋ ಹುಡುಗನೊಬ್ಬ ಎದ್ದು, "ಅಣ್ಣ, ಪ್ರೈವೆಸಿ ಗಿವೆಸಿ ಎಲ್ಲ ದುಡ್ಡಿರೋರ ಚಿಂತೆ. ಮುಚ್ಚಿಡೋಕೆ ನಮ್ಮ ಹತ್ರ ಏನಿದೆ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ಆ ಹುಡುಗನಿಗೆ ಅವತ್ತು ಕೊಡಬೇಕಾಗಿದ್ದ ಉತ್ತರ ಇದು.

ಮೊದಲು ನಮ್ಮ ಮನೆಯ ಸಂಗತಿ. ಸೊರಬ ತಾಲೂಕಿನ ಹಳ್ಳಿಯಲ್ಲಿ ನಮ್ಮ ಚಿಕ್ಕವ್ವ ಇದ್ದಾಳೆ. ಅಡಿಕೆ ಸುಗ್ಗಿಯಲ್ಲಿ ಮೆಟ್ಟುಗತ್ತಿ ಮುಂದೆ ಕೂತು ರಾತ್ರಿ ಹನ್ನೊಂದರ ತನಕ ಅಡಿಕೆ ಸುಲಿಯೋಳು. ಚೊಗರು ಹತ್ತಿ ಬೆರಳೆಲ್ಲ ಕಪ್ಪು, ಹೆಬ್ಬೆರಳಿನ ಗೆರೆ ಸವೆದು ನುಣ್ಣಗಾಗಿದೆ. ಗೃಹಲಕ್ಷ್ಮಿ ಹಣ ತಗೊಳ್ಳೋಕೆ ಊರಿನ ಹತ್ತಿರದ ಒಂದು ಸೆಂಟರಿಗೆ ಹೋದಳು. "ಹೆಬ್ಬೆಟ್ಟು ಬರ್ತಿಲ್ಲ, ಒರೆಸ್ಕೊಂಡು ಇನ್ನೊಂದ್ಸಲ ಒತ್ತು" ಅಂದನಂತೆ. ಒತ್ತಿದಳು. 2000 ರೂಪಾಯಿ ಕೊಟ್ಟ. ರಸೀದಿ ಕೊಡಲಿಲ್ಲ, ಇವಳು ಕೇಳಲೂ ಇಲ್ಲ. ಎರಡು ತಿಂಗಳು ಬಿಟ್ಟು ನಾನು ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ಅದೇ ದಿನ 2000 ಎರಡು ಸಲ ಹೋಗಿದೆ. "ನಾನೇ ಒತ್ತಿದ್ದಲ್ವೇನಪ್ಪಾ, ಯಾರನ್ನ ಬೈಯೋದು" ಅಂದಳು ಚಿಕ್ಕವ್ವ.

ನಾನೇ ಒತ್ತಿದ್ದಲ್ವಾ. ಈ ಮಾತನ್ನ ನಮ್ಮ ಮನೆಗಳಲ್ಲಿ ಎಷ್ಟು ತಲೆಮಾರಿನಿಂದ ಹೇಳ್ತಾ ಬಂದಿದ್ದಾರೆ ಅಂತ ಯೋಚನೆ ಮಾಡಿ.

ನಾನು ಗುಮಾಸ್ತ. ಇಪ್ಪತ್ತು ವರ್ಷದಿಂದ ರಿಜಿಸ್ಟರ್ ಬರೆಯೋದೇ ನನ್ನ ಹೊಟ್ಟೆಪಾಡು. ಒಂದು ಸಾಲು ಹೇಗೆ ಬರೆದರೆ ಯಾರಿಗೆ ಅನುಕೂಲ, ಯಾವ ಕಡತ ಯಾವ ಕಪಾಟಿನಲ್ಲಿ "ಸಿಗೋದಿಲ್ಲ" ಅನ್ನೋದೆಲ್ಲ ಗೊತ್ತು. ಜೊತೆಗೆ ನಾವು ಹುಟ್ಟಿದ್ದೇ ದಾಖಲೆಗಳ ನಾಡಿನಲ್ಲಿ. ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಕದಂಬರ ಶಾಂತಿವರ್ಮನ ಕಾಲದ ಕಂಬದ ಶಾಸನ ಇದೆ, ಬಳ್ಳಿಗಾವಿಯಲ್ಲಿ ಸಾಲುಸಾಲು ಕಲ್ಲುಗಳಿವೆ. ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾ ಮಾಡಿದಾಗ ಶಿಕಾರಿಪುರದ ಶಾಸನಗಳು 7ನೇ ಸಂಪುಟಕ್ಕೂ ಸೊರಬದವು 8ನೇ ಸಂಪುಟಕ್ಕೂ ಸೇರಿದವು. ಓದಿ ನೋಡಿ. ದಾನ ಕೊಟ್ಟವನ ವಂಶಾವಳಿ ಇದೆ, ತಗೊಂಡವನ ಗೋತ್ರ ಇದೆ, ಗದ್ದೆಯ ನಾಲ್ಕು ಗಡಿ ಇದೆ. ಆ ಗದ್ದೆಯ ಕೆಸರಿಗೆ ಇಳಿದವರನ್ನು ಹುಡುಕಲು ಹೋದರೆ ಬಹಳ ಕಡೆ ಬರಿಗೈಲಿ ಬರಬೇಕು. ಕೊನೆಯಲ್ಲಿ, ಈ ದಾನವನ್ನು ಅಳಿಸಿದವನು ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪಕ್ಕೆ ಹೋಗಲಿ ಅನ್ನೋ ಥರದ ಶಾಪ. ಆ ಕಾಲದ ಪಾಸ್‌ವರ್ಡ್ ಅದು ಅಂದ್ಕೊಳ್ಳಿ. ಅವರ ಆಸ್ತಿಯ ದಾಖಲೆಗೆ ಸಾವಿರ ವರ್ಷದ ಹಿಂದೆಯೇ ಸೆಕ್ಯುರಿಟಿ ಇತ್ತು.

ನಮ್ಮ ಜನ ದಾಖಲೆಗೆ ಸೇರಿದ್ದು ಬೇರೆ ದಾರಿಯಿಂದ, ಬೆರಳಿನ ದಾರಿಯಿಂದ.

1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಅನ್ನೋ ಬ್ರಿಟಿಷ್ ಅಧಿಕಾರಿ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಇಡೀ ಅಂಗೈಯನ್ನು ಮಸಿಯಲ್ಲಿ ಅದ್ದಿ ಕರಾರುಪತ್ರದ ಮೇಲೆ ಒತ್ತಿಸಿಕೊಂಡ. ರಸ್ತೆ ಕೆಲಸಕ್ಕೆ ಸಾಮಾನು ಪೂರೈಸುವ ಕರಾರು. ಗುರುತು ಪತ್ತೆ ಹಚ್ಚೋ ವಿಜ್ಞಾನ ಆಗಿನ್ನೂ ಹುಟ್ಟಿರಲಿಲ್ಲ. "ಇದು ನನ್ನ ಸಹಿ ಅಲ್ಲ" ಅಂತ ಮುಂದೆ ಹೇಳದ ಹಾಗೆ ಆ ಮನುಷ್ಯನನ್ನು ಹೆದರಿಸೋಕೆ ಹಾಗೆ ಮಾಡಿದೆ ಅಂತ ಹರ್ಷೆಲ್ಲೇ ಆಮೇಲೆ ಬರೆದುಕೊಂಡ. ಅಂದರೆ ಬೆರಳಚ್ಚಿನ ಚರಿತ್ರೆ ನಮ್ಮ ದೇಶದಲ್ಲಿ ಅಪನಂಬಿಕೆಯಿಂದ ಶುರುವಾಯ್ತು. 1897ರಲ್ಲಿ ಕಲ್ಕತ್ತೆಯಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕಚೇರಿ ತೆರೆಯಿತು. ಅಲ್ಲಿ ಲೆಕ್ಕ ಹಾಕಿ ವಿಂಗಡಿಸುವ ಪದ್ಧತಿ ರೂಪಿಸಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹೆಸರು ಮಾತ್ರ ಸಾಹೇಬನದು, ಹೆನ್ರಿ ಪದ್ಧತಿ ಅಂತ. ಕೆಲಸ ಒಬ್ಬರದು ಹೆಸರು ಇನ್ನೊಬ್ಬರದು ಅನ್ನೋದು ನಮಗೇನು ಹೊಸದಲ್ಲ ಬಿಡಿ.

ಈ ಬೆರಳಚ್ಚು ಯಾರ ಮೇಲೆ ಪ್ರಯೋಗ ಆಯ್ತು? 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಒಂದು ಜಾತಿಯಲ್ಲಿ ಹುಟ್ಟಿದರೆ ಸಾಕು, ಕಳ್ಳ. ಹೆಸರು ರಿಜಿಸ್ಟರಿಗೆ ಹೋಗಬೇಕು, ಊರು ಬಿಡಬೇಕಾದರೆ ಪಾಸ್ ಬೇಕು, ಹಾಜರಿ ಕೊಡಬೇಕು. 1911ರ ಕಾಯ್ದೆಯಲ್ಲಿ ಬೆರಳಚ್ಚು ತಗೊಳ್ಳೋ ಅಧಿಕಾರವೂ ಸೇರಿತು. ಮದ್ರಾಸ್ ಪ್ರಾಂತ್ಯದಲ್ಲಿ ಕೊರವರನ್ನು ಈ ಪಟ್ಟಿಗೆ ಹಾಕಿದರು. ಮುಂಬೈ ಪ್ರಾಂತ್ಯದ ಹುಬ್ಬಳ್ಳಿ, ಗದಗ, ವಿಜಯಪುರದಲ್ಲಿ ಇಂಥ ಜನರನ್ನು ಕೂಡಿಹಾಕುವ ಸೆಟ್ಲ್‌ಮೆಂಟುಗಳಿದ್ದವು. ಹುಬ್ಬಳ್ಳಿಯಲ್ಲಿ ಇವತ್ತೂ ಆ ಬಡಾವಣೆಗೆ ಸೆಟ್ಲ್‌ಮೆಂಟ್ ಅಂತಲೇ ಹೆಸರು. ಕಾಯ್ದೆ ರದ್ದಾಗಿದ್ದು 1952ರಲ್ಲಿ, ಸ್ವಾತಂತ್ರ್ಯ ಬಂದು ಐದು ವರ್ಷ ಆದಮೇಲೆ. ಇವತ್ತು ಕೊರಮ, ಕೊರಚರು ನಮ್ಮ ರಾಜ್ಯದ ಪರಿಶಿಷ್ಟ ಜಾತಿ ಪಟ್ಟಿಯಲ್ಲೇ ಇದ್ದಾರೆ, ನಮ್ಮ ಅಣ್ಣತಮ್ಮಂದಿರು. ಮುಚ್ಚಿಡೋಕೆ ನಮ್ಮ ಹತ್ರ ಏನಿದೆ ಅಂದ ತಮ್ಮಾ, ಅವರನ್ನು ಕೇಳು. ರಾತ್ರಿ ತನ್ನ ಗುಡಿಸಲಲ್ಲಿ ತಾನು ಮಲಗೋದಕ್ಕೂ ಲೆಕ್ಕ ಒಪ್ಪಿಸಬೇಕಾದವರು ಅವರು.

ಕಾಯ್ದೆ ಹೋದರೂ ಪೊಲೀಸರ ಪುಸ್ತಕ ಹೋಗಲಿಲ್ಲ. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತ ದರೋಡೆ ಕೇಸಿನಲ್ಲಿ ಸಾಕ್ಷಿ ಇಲ್ಲದೆ ಬಿಡುಗಡೆಯಾದವನು. ಆದರೂ ಹಿಸ್ಟರಿ ಶೀಟ್ ತೆರೆದು, ರಾತ್ರಿ ಹೊತ್ತು ಮನೆ ಬಾಗಿಲು ಬಡಿದು ಎಬ್ಬಿಸ್ತಿದ್ದರು. ಸುಪ್ರೀಂ ಕೋರ್ಟಿಗೆ ಹೋದ. 1962ರಲ್ಲಿ ಕೋರ್ಟು, ರಾತ್ರಿ ಬಾಗಿಲು ಬಡಿಯೋದು ತಪ್ಪು, ಆದರೆ ಖಾಸಗಿತನ ಅನ್ನೋದು ಸಂವಿಧಾನದಲ್ಲಿ ಮೂಲಭೂತ ಹಕ್ಕಲ್ಲ ಅಂದಿತು. ಖಾಸಗಿತನವೂ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಅಂತ ಭಿನ್ನಮತ ಬರೆದವರು ನ್ಯಾಯಮೂರ್ತಿ ಸುಬ್ಬರಾವ್. ಇದನ್ನ ನೆನಪಿಟ್ಕೊಳ್ಳಿ, ಮತ್ತೆ ಬರ್ತೀನಿ.

ನಮ್ಮ ಸೀಮೆಯಲ್ಲಿ ಪೊಲೀಸ್ ಠಾಣೆಗಿಂತ ಮೊದಲು ಹೆಬ್ಬೆಟ್ಟು ತಗೊಂಡವನು ಸಾಹುಕಾರ. ಜೀತದ ಪತ್ರ, ಸಾಲದ ಪತ್ರ, ಎಷ್ಟೋ ಸಲ ಬರೀ ಖಾಲಿ ಛಾಪಾ ಕಾಗದ. ನಮ್ಮಜ್ಜ ಒಂದು ಮದುವೆ ಸಾಲಕ್ಕೆ ಒತ್ತಿದ ಕಾಗದದಲ್ಲಿ ಏನು ಬರೆದಿತ್ತು ಅನ್ನೋದು ಅವನು ಸಾಯೋತನಕ ಅವನಿಗೆ ತಿಳಿಯಲಿಲ್ಲ. ಪಕ್ಕದ ಸಾಗರ ತಾಲೂಕಿನಲ್ಲಿ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೀತು, 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಬಂತು, ಗೇಣಿದಾರರು 1979ರ ಜೂನ್ 30ರೊಳಗೆ 7ನೇ ನಮೂನೆ ಅರ್ಜಿ ಹಾಕಬೇಕಿತ್ತು. ನಮ್ಮ ಭಾಗದಲ್ಲಿ ಎಷ್ಟೋ ದೀವರ ಕುಟುಂಬಗಳಿಗೆ ಗದ್ದೆ ಸಿಕ್ಕಿತು, ಸಂತೋಷ. ನಮ್ಮವರಲ್ಲಿ ಬಹಳ ಜನ ಗೇಣಿದಾರರೇ ಅಲ್ಲ, ಕೂಲಿ. ಯಾವ ಪಹಣಿಯ ಯಾವ ಕಾಲಮ್ಮಿನಲ್ಲೂ ಹೆಸರಿಲ್ಲ. ಸರ್ಕಾರ ಮಂಜೂರು ಮಾಡಿದ ತುಂಡು ಜಮೀನು ಇದ್ದವರು ಅದನ್ನೂ ಹೆಬ್ಬೆಟ್ಟೊತ್ತಿ ಕಳ್ಕೊಂಡಿದ್ದರು. ಅದನ್ನು ವಾಪಸ್ ಕೊಡಿಸೋಕೆ 1978ರ ಪಿಟಿಸಿಎಲ್ ಕಾಯ್ದೆ ಬಂತು. ಸ್ವಲ್ಪ ಗಮನಿಸಿ: ಹೆಬ್ಬೆಟ್ಟು ಒತ್ತಿದ್ದಾನೆ ಅಂದ ಮಾತ್ರಕ್ಕೆ ಒಪ್ಪಿದ್ದಾನೆ ಅಂತ ಅರ್ಥವಲ್ಲ ಅನ್ನೋದನ್ನು ಕಾನೂನು ಒಪ್ಪಿಕೊಂಡ ಹಾಗಾಯ್ತು. ಈ ಕಾಯ್ದೆಯನ್ನು ಖಾಸಗಿತನದ ಪಾಠದಲ್ಲಿ ಯಾರೂ ಹೇಳೋದಿಲ್ಲ. ನನ್ನ ಲೆಕ್ಕದಲ್ಲಿ ಮೊದಲು ಹೇಳಬೇಕಾದ್ದೇ ಇದು.

ಇನ್ನು ಹೆಸರಿನ ವಿಷಯ. ಬಾಬಾಸಾಹೇಬರು ಓದು ಮುಗಿಸಿ ಬಡೋದೆಗೆ ಕೆಲಸಕ್ಕೆ ಹೋದಾಗ ಇರೋಕೆ ಜಾಗ ಸಿಗಲಿಲ್ಲ. ಪಾರ್ಸಿಗಳ ಒಂದು ವಸತಿಗೃಹಕ್ಕೆ ಹೋದರು. ಪಾರ್ಸಿಗಳಿಗೆ ಮಾತ್ರ ಜಾಗ. ಅಲ್ಲಿನ ಮೇಲ್ವಿಚಾರಕ ದುಡ್ಡಿಗೋಸ್ಕರ ಒಪ್ಪಿ, ರಿಜಿಸ್ಟರಿನಲ್ಲಿ ಪಾರ್ಸಿ ಹೆಸರು ಬರೆದ. ಹನ್ನೊಂದನೇ ದಿನ ಬಡಿಗೆ ಹಿಡ್ಕೊಂಡು ಒಂದು ಡಜನ್ ಪಾರ್ಸಿಗಳು ಬಂದು ನಿಂತರು. ಯಾರು ನೀನು? ಕೊಲಂಬಿಯಾದಲ್ಲಿ ಓದಿ ಬಂದ ಮನುಷ್ಯನಿಗೆ ತಲೆ ಮೇಲೆ ಸೂರು ಬೇಕಿದ್ದರೆ ತನ್ನ ಹೆಸರನ್ನೇ ಮುಚ್ಚಿಡಬೇಕಿತ್ತು. ಗುಟ್ಟು ಹೊರಗೆ ಬಿದ್ದ ದಿನ ಸೂರೂ ಹೋಯಿತು.

ನೂರು ವರ್ಷ ಆಯ್ತು. 2025ರ ಮೇ 5ರಿಂದ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗ ಒಳಮೀಸಲಾತಿಗಾಗಿ 101 ಜಾತಿಗಳ ಮನೆಮನೆ ಸಮೀಕ್ಷೆ ಮಾಡಿತು. ಇದಕ್ಕಾಗಿ ದಶಕಗಟ್ಟಲೆ ಬೀದಿಗಿಳಿದವರು ನಾವೇ. ನಮ್ಮ ಹಳ್ಳಿಗಳಲ್ಲಿ ಜನ ಧೈರ್ಯವಾಗಿ ಬರೆಸಿದರು. ಬೆಂಗಳೂರಿನಲ್ಲಿ ಎಣಿಕೆ ಹಿಂದೆ ಬಿತ್ತು. ಯಾಕೆ ಅಂತ ಬಾಡಿಗೆ ಮನೆಯಲ್ಲಿರೋ ನಮ್ಮ ಹುಡುಗರನ್ನ ಕೇಳಿ. ಗಣತಿಯವರು ಬಾಗಿಲಲ್ಲಿ ನಿಂತು "ಯಾವ ಜಾತಿ, ಎಡಗೈಯೋ ಬಲಗೈಯೋ" ಅಂತ ಕೇಳಬೇಕಾದರೆ ಮಾಲೀಕರ ಹೆಂಗಸು ಮೆಟ್ಟಿಲ ಮೇಲೆ ನಿಂತಿರ್ತಾಳೆ. ನನ್ನ ಗೆಳೆಯನ ಮಗಳು ಫೋನ್ ಮಾಡಿ, "ಮಾಮ, ನಾನು ಬರೆಸ್ಲಿಲ್ಲ, ಬೈಬೇಡಿ" ಅಂದಳು. ಬೈಯೋಕೆ ಬಾಯಿ ಬರಲಿಲ್ಲ. ಎಣಿಕೆಗೆ ಸಿಗದಿದ್ದರೆ ಪಾಲು ಸಿಗೋದಿಲ್ಲ, ಎಣಿಕೆ ಗುಟ್ಟಾಗಿ ಉಳಿಯದಿದ್ದರೆ ಮನೆ ಸಿಗೋದಿಲ್ಲ. ನಮ್ಮ ಹಿರಿಯ ಮುಖಂಡರು ಮೊದಲನೆಯದನ್ನು ಚೆನ್ನಾಗಿ ಹೇಳ್ತಾರೆ, ಎರಡನೆಯದಕ್ಕೆ "ಅಂಜಬೇಡಿ, ಸ್ವಾಭಿಮಾನದಿಂದ ಹೇಳಿ" ಅಂತಾರೆ. ಸ್ವಂತ ಮನೆ ಇರೋರು ಹೇಳೋ ಮಾತು ಅದು ಅಂತ ನನಗನ್ನಿಸ್ತದೆ, ಬೇಜಾರಾದರೂ ಸರಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗ ಹೈಕೋರ್ಟು ಅದನ್ನು ತಡೆಯಲಿಲ್ಲ. ಆದರೆ ಮಾಹಿತಿ ಕೊಡೋದು ಜನರ ಇಷ್ಟ, ಕೊಟ್ಟ ಮಾಹಿತಿ ಗೌಪ್ಯವಾಗಿರಬೇಕು ಅಂತ ಹೇಳಿತು. ಈ ಗೌಪ್ಯತೆಯ ಮಾತನ್ನು ಕೋರ್ಟಿಗೆ ಹೋಗಿ ಕೇಳಬೇಕಾದವರು ಎಲ್ಲರಿಗಿಂತ ಮೊದಲು ನಾವಾಗಿದ್ದೆವು.

ಚಂದ್ರಗುತ್ತಿಯನ್ನು ಬಿಟ್ಟು ಸೊರಬದವನು ಈ ಚರಿತ್ರೆ ಬರೆಯೋಕಾಗಲ್ಲ. ರೇಣುಕಾಂಬೆಯ ಜಾತ್ರೆಯಲ್ಲಿ ಬೆತ್ತಲೆ ಸೇವೆ ನಡೀತಿತ್ತು. ಹರಕೆ ಹೊತ್ತವರಲ್ಲಿ ಹೆಚ್ಚಿನವರು ದಲಿತರು, ಬಡ ಹಿಂದುಳಿದವರು. ಮೈಮೇಲೆ ಬಟ್ಟೆಯಿಲ್ಲದೆ ಬೆಟ್ಟ ಹತ್ತುವ ಹೆಣ್ಣುಮಕ್ಕಳನ್ನು ನೋಡೋಕೆ ಬರೋರೂ ಇದ್ದರು, ಕ್ಯಾಮೆರಾ ಹಿಡ್ಕೊಂಡು ಬರೋರೂ ಇದ್ದರು. ಪ್ರೊ. ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿ ಇದನ್ನು ವಿರೋಧಿಸಿತು. 1986ರ ಮಾರ್ಚ್‌ನಲ್ಲಿ ತಡೆಯೋಕೆ ಹೋದ ಕಾರ್ಯಕರ್ತರನ್ನೂ ಪೊಲೀಸರನ್ನೂ ಗುಂಪು ಹೊಡೆದು, ಬಟ್ಟೆ ಕಿತ್ತು ಮೆರವಣಿಗೆ ಮಾಡಿತು. ನಾನಾಗ ಐದಾರು ವರ್ಷದವನು. ಮನೆಯಲ್ಲಿ ದೊಡ್ಡವರು ಪಿಸುಪಿಸು ಮಾತಾಡಿದ್ದು ನೆನಪಿದೆ. ಆಮೇಲೆ ಸರ್ಕಾರ ಸೇವೆ ನಿಷೇಧಿಸಿತು. ನಮ್ಮ ಮೈ ನಮ್ಮದು, ಅದನ್ನ ನೋಡೋಕೆ, ಚಿತ್ರ ಹಿಡಿಯೋಕೆ ಊರಿಗೆ ಹಕ್ಕಿಲ್ಲ ಅನ್ನೋದನ್ನ ನಮ್ಮ ಚಳವಳಿ ಹೊಡೆಸ್ಕೊಂಡು ಹೇಳಿತು. ಆಗ ಇಂಟರ್‌ನೆಟ್ ಇರಲಿಲ್ಲ, ಪ್ರೈವೆಸಿ ಅನ್ನೋ ಪದವೂ ನಮ್ಮ ಕರಪತ್ರಗಳಿಗೆ ಬಂದಿರಲಿಲ್ಲ.

ಈಗ ಕೋರ್ಟಿನ ಕಥೆಗೆ ಮತ್ತೆ ಬರ್ತೀನಿ. ಖರಕ್ ಸಿಂಗ್ ಸೋತ ಹಕ್ಕನ್ನು ಐವತ್ತೈದು ವರ್ಷದ ಮೇಲೆ ಗೆದ್ದು ಕೊಟ್ಟವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಪಾರ್ಲಿಮೆಂಟಿನಲ್ಲಿ ಕಾನೂನೇ ಮಾಡದೆ ಜನರ ಬೆರಳು, ಕಣ್ಣು ದಾಖಲಿಸ್ತಿದ್ದಾರಲ್ಲ ಅಂತ 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಅರ್ಜಿ ಹಾಕಿದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅಂತ ಸರ್ಕಾರ ವಾದಿಸಿತು, ಹಳೇ ಖರಕ್ ಸಿಂಗ್ ತೀರ್ಪನ್ನೇ ಎತ್ತಿ ತೋರಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಹಕ್ಕು ಹೌದು ಅಂದರು. ಸುಬ್ಬರಾವ್ ಅವರ ಭಿನ್ನಮತವೇ ಕೊನೆಗೆ ಕಾನೂನಾಯ್ತು. 2018ರ ಸೆಪ್ಟೆಂಬರ್ 26ರಂದು ನಾಲ್ಕು-ಒಂದರ ತೀರ್ಪಿನಲ್ಲಿ ಆಧಾರ್ ಉಳಿಯಿತು, ಖಾಸಗಿ ಕಂಪನಿಗಳು ಬಳಸೋಕೆ ದಾರಿ ಕೊಟ್ಟಿದ್ದ 57ನೇ ಕಲಮಿನ ಭಾಗ ಬಿದ್ದುಹೋಯಿತು. ಪಡಿತರಕ್ಕೆ ಮಾತ್ರ ಹೆಬ್ಬೆಟ್ಟು ಹಾಗೇ ಉಳೀತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ಊರುಗಳಲ್ಲಿ ಒಂದು ಫ್ಲೆಕ್ಸೂ ಕಾಣಲಿಲ್ಲ.

ಆ 2017ರ ತೀರ್ಪಿಗೆ ಒಂದು ತಿಂಗಳು ಮುಂಚೆ, ಜುಲೈನಲ್ಲಿ, ನಮ್ಮ ಪಕ್ಕದ ಜಿಲ್ಲೆ ಉತ್ತರ ಕನ್ನಡದ ಗೋಕರ್ಣದಲ್ಲಿ ಮೂವರು ದಲಿತ ಅಣ್ಣತಮ್ಮಂದಿರು ಒಬ್ಬರ ಹಿಂದೆ ಒಬ್ಬರು ಸತ್ತರು. ಆಧಾರ್ ಜೋಡಣೆ ಆಗಿಲ್ಲ ಅಂತ ತಿಂಗಳುಗಟ್ಟಲೆ ಪಡಿತರ ಸಿಕ್ಕಿರಲಿಲ್ಲ, ಇವು ಹಸಿವಿನ ಸಾವು ಅಂತ ಪಿಯುಸಿಎಲ್ ಸತ್ಯಶೋಧನೆ ಹೇಳಿತು. ಆಡಳಿತ ಒಪ್ಪಲಿಲ್ಲ. ದೆಹಲಿಯಲ್ಲಿ ಘನತೆ, ಸ್ವಾಯತ್ತತೆ ಅಂತ ವಾದ ನಡೀತಿದ್ದಾಗ ಇಲ್ಲಿ ನೂರೈವತ್ತು ಕಿಲೋಮೀಟರಿನ ಒಳಗೆ ಒಂದು ಮನೆಯ ಒಲೆ ಆರಿತ್ತು.

ಚಿಕ್ಕವ್ವನ ದುಡ್ಡು ಹೇಗೆ ಹೋಯ್ತು ಅನ್ನೋದು ತಿಳಿಯಬೇಕಾದರೆ ಎಇಪಿಎಸ್ ಅಂದರೇನು ಗೊತ್ತಿರಬೇಕು. ಆಧಾರ್ ನಂಬರು, ಬ್ಯಾಂಕಿನ ಹೆಸರು, ಬೆರಳು. ಇಷ್ಟಿದ್ದರೆ ಖಾತೆಯಿಂದ ಹಣ ತೆಗೀಬಹುದು. ಕಾರ್ಡ್ ಬೇಡ, ಪಿನ್ ಬೇಡ, ಓಟಿಪಿ ಬೇಡ. ಬ್ಯಾಂಕಿಲ್ಲದ ಹಳ್ಳಿಗೆ ಇದು ಉಪಕಾರವೇ, ಸುಳ್ಳು ಹೇಳಬಾರದು. ಆದರೆ 2023ರಲ್ಲಿ ಏನಾಯ್ತು ನೋಡಿ. ಜಮೀನು ನೋಂದಣಿ ಪತ್ರಗಳಲ್ಲಿ ಕೊಟ್ಟವರು, ತಗೊಂಡವರ ಆಧಾರ್ ನಂಬರೂ ಬೆರಳಚ್ಚೂ ಇರ್ತವೆ. ಆ ಪತ್ರಗಳು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗ್ತಿದ್ದವು. ವಂಚಕರು ಪತ್ರ ಇಳಿಸ್ಕೊಂಡು, ಬೆರಳಚ್ಚಿನ ನಕಲಿ ಅಚ್ಚು ಮಾಡಿ, ಎಇಪಿಎಸ್‌ನಲ್ಲಿ ಹಣ ತೆಗೆದರು. ಓಟಿಪಿ ಬರಲೇ ಇಲ್ಲ, ಹಣ ಹೋಯ್ತು ಅಂತ ಜನ ಠಾಣೆಗೆ ಬಂದರು. ಅಕ್ಟೋಬರ್‌ನಲ್ಲಿ ಮಂಗಳೂರು ಪೊಲೀಸರು ಬಿಹಾರದ ಮೂವರನ್ನು ಹಿಡಿದರು. ಆಮೇಲೆ ಇಲಾಖೆ ಪತ್ರಗಳಲ್ಲಿ ಬೆರಳಚ್ಚು ಮರೆಮಾಡೋಕೆ ಹೊರಟಿತು. ಪಾಸ್‌ವರ್ಡ್ ಕಳೆದರೆ ಬದಲಾಯಿಸಬಹುದು. ಹೆಬ್ಬೆರಳು ಕಳೆದರೆ? ಏಕಲವ್ಯನ ಕಥೆ ಹೇಳೋಕೆ ನಾಲಿಗೆ ತುರಿಸ್ತಿದೆ, ಆದರೆ ಅದನ್ನ ಎಲ್ಲರೂ ಹೇಳ್ತಾರೆ, ಬಿಟ್ಟೆ.

ಒಂದು ಹಳೇ ವಿಷಯ ಹೇಳಿದರೆ ನಗ್ತೀರಿ. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಹಾಕಿದರು. ಆಗ ಬೆರಳು ಒತ್ತಬೇಕಾಗಿದ್ದವರು ಕಂಪ್ಯೂಟರ್ ತೆರೆಯೋ ಸಿಬ್ಬಂದಿ, ಅಧಿಕಾರಿಗಳು. ದಾಖಲೆ ತಿದ್ದಿದವರು ಯಾರು ಅಂತ ಆಮೇಲೆ ತಿಳಿಯಲಿ ಅಂತ. ಬೆರಳು ಅಧಿಕಾರದಲ್ಲಿ ಇರೋನದು, ಪಹಣಿ 15 ರೂಪಾಯಿ ಕೊಟ್ಟ ಯಾರಿಗೆ ಬೇಕಾದರೂ ಸಿಗೋದು. ಇಪ್ಪತ್ತು ವರ್ಷದಲ್ಲಿ ಇದು ಉಲ್ಟಾ ಆಯ್ತು. ಈಗ ಚಿಕ್ಕವ್ವ ಬೆರಳು ಒತ್ತಬೇಕು, ದಾಖಲೆ ಮಾತ್ರ ನಮ್ಮ ಕಣ್ಣಿಗೆ ಬೀಳಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೇ ಕಲಂ ಮಾಹಿತಿ ಹಕ್ಕಿನ 8(1)(ಜೆ)ಯನ್ನೇ ತಿದ್ದಿತು. ಮೊದಲು, ಸಾರ್ವಜನಿಕ ಕೆಲಸಕ್ಕೆ ಸಂಬಂಧ ಇಲ್ಲದ ವೈಯಕ್ತಿಕ ಮಾಹಿತಿಯನ್ನು ಮಾತ್ರ ನಿರಾಕರಿಸಬಹುದಿತ್ತು, ಅದರಲ್ಲೂ ಜನಹಿತ ಇದ್ದರೆ ಕೊಡಬೇಕಿತ್ತು. ಈಗ ವೈಯಕ್ತಿಕ ಅಂದರೆ ಮುಗೀತು. 8(2) ಇದೆಯಲ್ಲ ಅಂತ ಸರ್ಕಾರ ಹೇಳ್ತದೆ. ಕಚೇರಿಯಲ್ಲಿ ಕೂತ ನನಗೆ ಗೊತ್ತು, ಇಲ್ಲ ಅನ್ನೋಕೆ ಒಂದು ಕಲಂ ಸಿಕ್ಕರೆ ಕೊಡಬೇಕು ಅನ್ನೋ ಕಲಮನ್ನ ಯಾರೂ ಹುಡುಕಲ್ಲ. ಎಸ್‌ಸಿಪಿ-ಟಿಎಸ್‌ಪಿ ಹಣದಲ್ಲಿ ಬೋರ್‌ವೆಲ್ ಯಾರಿಗೆ ಸಿಕ್ಕಿತು, ಸುಳ್ಳು ಜಾತಿ ಪ್ರಮಾಣಪತ್ರ ಯಾರು ತಗೊಂಡರು ಅಂತ ನಾವು ಕೇಳಿದರೆ, "ಅದು ಅವರ ಖಾಸಗಿತನ" ಅನ್ನೋ ಉತ್ತರ ಬರೋ ಭಯ ನನಗಿದೆ. ಪುಟ್ಟಸ್ವಾಮಿಯವರು ಗೆದ್ದ ಹಕ್ಕು ಸಾಹುಕಾರನ ಬಾಗಿಲಿಗೆ ಚಿಲಕ ಆಗಬಾರದಿತ್ತು.

ನಮ್ಮ ಕಾರ್ಯಕರ್ತರಿಗೂ ಒಂದು ಮಾತು. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ರೋನಾ ವಿಲ್ಸನ್ ಅವರ ಲ್ಯಾಪ್‌ಟಾಪಿಗೆ ಹೊರಗಿನಿಂದ ನುಗ್ಗಿ ಫೈಲುಗಳನ್ನು ಇಟ್ಟಿದ್ದರು ಅಂತ ಅಮೆರಿಕದ ಆರ್ಸೆನಲ್ ಸಂಸ್ಥೆ 2021ರಲ್ಲಿ ವರದಿ ಕೊಟ್ಟಿತು. ಅದೇ ಪ್ರಕರಣದಲ್ಲಿ ಆನಂದ್ ತೇಲ್ತುಂಬ್ಡೆ ಅವರು ಶರಣಾಗಬೇಕಾಗಿ ಬಂದದ್ದು 2020ರ ಏಪ್ರಿಲ್ 14ರಂದು, ಬಾಬಾಸಾಹೇಬರ ಜಯಂತಿಯ ದಿನವೇ. ಗ್ರೂಪಿನಲ್ಲಿ ಬಂದ ಪ್ರತಿಯೊಂದು ಲಿಂಕು, ಎಪಿಕೆ ಫೈಲು ಒತ್ತೋ ಮೊದಲು ಇದನ್ನ ನೆನಪು ಮಾಡ್ಕೊಳ್ಳಿ. "ಪಿಎಂ ಯೋಜನೆ", "ಮದುವೆ ಆಮಂತ್ರಣ" ಅಂತ ಹೆಸರಿಟ್ಟು ಬರ್ತವೆ.

ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ ಅಂತ ಎಲ್ಲರೂ ಸಲಹೆ ಕೊಡ್ತಾರೆ. ಒಳ್ಳೇ ಸಲಹೆ. ನಾನು ನನ್ನದನ್ನ ಮಾಡಿದೀನಿ. ಚಿಕ್ಕವ್ವನದು ಮಾಡೋಕೆ ಹೋದರೆ ಆಧಾರಿಗೆ ಜೋಡಿಸಿದ ನಂಬರು ಸತ್ತುಹೋದ ಚಿಕ್ಕಪ್ಪನದು, ಸಿಮ್ಮೇ ಇಲ್ಲ. ಲಾಕ್ ಆದರೂ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತೋಕೆ ಪ್ರತಿ ತಿಂಗಳು ಬಿಚ್ಚಬೇಕು, ಬಿಚ್ಚೋಕೆ ಮೊಬೈಲ್ ಬೇಕು. ಬೆರಳಿಗೆ ಬೀಗ ಹಾಕಿದರೆ ಅಕ್ಕಿಗೂ ಬೀಗ ಬೀಳ್ತದೆ. ಮೊದಲು ನಂಬರು ಬದಲಾಯಿಸೋಕೆ ಕೊಟ್ಟು ಬಂದಿದೀವಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಹಾಕಿಸ್ಕೊಂಡಿದೀನಿ. 1930ಕ್ಕೆ ಫೋನ್ ಮಾಡಿದೆ, ಎರಡು ತಿಂಗಳು ತಡ ಆಯ್ತಲ್ಲ ಅಂದರು. ಹಣ ಹೋದ ತಕ್ಷಣ ಮಾಡಿದರೆ ತಡೆಯೋ ಸಾಧ್ಯತೆ ಹೆಚ್ಚು, ನೀವಾದರೂ ತಡ ಮಾಡಬೇಡಿ.

ಬ್ಯಾಂಕಿಂದ ಬರೋವಾಗ ಬಸ್ಸಿನಲ್ಲಿ ಚಿಕ್ಕವ್ವ ಕೇಳಿದಳು: "ತಮ್ಮಾ, ನನ್ನ ಹೆಬ್ಬೆಟ್ಟು ಎಷ್ಟು ಕಡೆ ಐತೆ?" ನಾನು ಬೆರಳು ಮಡಚಿ ಎಣಿಸ್ತಾ ಹೋದೆ. ಆಧಾರ್, ಬ್ಯಾಂಕು, ರೇಷನ್, ಸಿಮ್ಮು, ಮನೆ ಹಕ್ಕುಪತ್ರ, ಸ್ವಸಹಾಯ ಸಂಘದ ಸಾಲ. ಶಿರಾಳಕೊಪ್ಪ ಬರೋ ಹೊತ್ತಿಗೆ ಒಂದು ಕೈ ಮುಗಿದು ಇನ್ನೊಂದು ಕೈ ಶುರುವಾಗಿತ್ತು.

ಬರೋ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಕೇರಿಯ ಸಮುದಾಯ ಭವನದಲ್ಲಿ ಕೂರ್ತೀವಿ. ಭಾಷಣ ಇಲ್ಲ. ಪಾಸ್‌ಬುಕ್ ಎಂಟ್ರಿ ಮಾಡಿಸ್ಕೊಂಡು ಬನ್ನಿ, ಮನೆಯ ಹೆಂಗಸರನ್ನೂ ಕರ್ಕೊಂಡು ಬನ್ನಿ, ಒಂದೊಂದು ಸಾಲು ಓದಿ ಹೇಳ್ತೀವಿ. ಸಭೆಯಲ್ಲಿ ಪ್ರಶ್ನೆ ಕೇಳಿದ ಹುಡುಗನಿಗೂ ಫೋನ್ ಮಾಡಿದೀನಿ. ಅವರವ್ವನ ಪಾಸ್‌ಬುಕ್ ತರ್ತೀನಿ ಅಂದಿದಾನೆ.

ಜೈಭೀಮ್.